ರೆಕ್ಕೆಯೊಳಗಿನ ಹೆಸರು

ಆ ಹೆಸರನ್ನು ನಾನು ಓದಿದ್ದೆ. ಒಂದೊಂದು ಅಕ್ಷರವನ್ನೂ ಬಿಡದೆ ಓದಿದ್ದೆ. ಓದಿಯೂ — ಇದು ಓದುವಂಥದ್ದೇನಲ್ಲ ಎಂದು, ಎಂಬತ್ತು ದಾಟಿದ ಒಬ್ಬ ಮನುಷ್ಯನ ಮುಖ ನೋಡಿಕೊಂಡೇ ಹೇಳಿದೆ. ಆಮೇಲೆ ಅದರ ಮೇಲೆ ಬಟ್ಟೆ ಎಳೆದು, ನನ್ನ ಕೈಯಾರೆ ಹೊಲಿದು ಮುಚ್ಚಿದೆ.

ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಹಿನ್ನೆಲೆಯಿಂದ ಶುರುಮಾಡಿದರೆ ನನಗೆ ಅನುಕೂಲವಾಗುವಂತೆ ಹೇಳಿಕೊಂಡುಬಿಡುತ್ತೇನೋ ಎಂಬ ಭಯ. ಆರು ವರ್ಷ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ — ಬೇರೆ ಯಾರಿಗೂ ಅಲ್ಲ, ನನಗೇ.

ನಾನು ಹುಬ್ಬಳ್ಳಿಯವಳು. ದುರ್ಗದ ಬೈಲಿನ ಹತ್ತಿರ ನಮ್ಮಪ್ಪನ ಟೇಲರಿಂಗ್ ಅಂಗಡಿ ಇತ್ತು. ನಾನು ಅಕ್ಷರ ಕಲಿತದ್ದೂ ಸೂಜಿ ಹಿಡಿದದ್ದೂ ಹೆಚ್ಚುಕಡಿಮೆ ಒಂದೇ ವರ್ಷ. ಮದುವೆಯಾಗಿ ಗಂಡ ಬಸವರಾಜರ ಜೊತೆ ಸಿಡ್ನಿಗೆ ಬಂದೆ. ಅವರಿಗೆ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲಿನ ಸ್ಟೇಷನ್ ಹತ್ತಿರ ಬಟ್ಟೆ ಆಲ್ಟರೇಷನ್ ಮಾಡುವ ಒಂದು ಸಣ್ಣ ಅಂಗಡಿ ಇಟ್ಟೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೀರೆಗೆ ಫಾಲ್ ಹಚ್ಚುವುದು, ಮದುವೆಯ ಕೋಟುಗಳನ್ನು ಹೊಟ್ಟೆಯ ಹತ್ತಿರ ಬಿಚ್ಚಿ ಅಗಲ ಮಾಡಿಕೊಡುವುದು — ಇಷ್ಟೇ.

2012ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಲಿನ್ ಅಂಗಡಿಗೆ ಬಂದರು. ತೆಳ್ಳಗೆ, ಎತ್ತರದ ಮನುಷ್ಯ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮೇಜಿನ ಮೇಲೆ ಮೇಣ ಹಚ್ಚಿದ ದಾರದ ಉಂಡೆ, ಮೊಳದುದ್ದದ ಒಂದು ಸೂಜಿ ಇಟ್ಟರು.

"ಇದರಲ್ಲಿ ಹೊಲಿಯೋಕೆ ಬರುತ್ತಾ?"

"ಏನನ್ನು?"

"ವಿಮಾನಾನ," ಎಂದರು. "ನನ್ನ ಕೈ ನಡುಗುತ್ತೆ. ನಿಮ್ಮ ಕೈ ನಡುಗಲ್ಲ ಅಂತ ಪಕ್ಕದ ಅಂಗಡಿಯವರು ಹೇಳಿದರು."

ತಮಾಷೆ ಎಂದುಕೊಂಡೆ. ಆ ಶನಿವಾರ ಅವರ ಶೆಡ್ಡಿಗೆ ಹೋದಾಗ ತಮಾಷೆಯಲ್ಲ ಎಂದು ತಿಳಿಯಿತು. ಊರ ಹೊರಗಿನ ಸಣ್ಣ ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲೊಂದು ತಗಡಿನ ಶೆಡ್. ಒಳಗೆ ಎರಡು ಸೀಟಿನ ಒಂದು ಹಳೆಯ ಟೈಗರ್ ಮಾತ್ — ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ಇರುವ, ಹಾರಲು ಕಲಿಸುವ ವಿಮಾನ. ಮೂಲತಃ ಇಂಗ್ಲೆಂಡಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ಇಂಡಿಯಾ ಎಲ್ಲ ಕಡೆಯೂ ಹೊಸ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇಂಥದ್ದರಲ್ಲೇ ಎಂದು ಕಾಲಿನ್ ವಿವರಿಸಿದರು. ಹತ್ತಿರ ಹೋಗಿ ಮುಟ್ಟಿದೆ. ಲೋಹ ಎಂದುಕೊಂಡಿದ್ದು ಬಟ್ಟೆ! ರೆಕ್ಕೆ ಎಂದರೆ ಮರದ ಚೌಕಟ್ಟು, ಅದರ ಮೇಲೆ ಬಿಗಿಯಾಗಿ ಎಳೆದು ಹೊಲಿದ ನಾರುಬಟ್ಟೆ, ಮೇಲೆ ವಾರ್ನಿಷ್. ಟೇಲರ್ ಮಗಳಾದ ನನಗೆ ಅದು ಎಷ್ಟು ಖುಷಿ ಕೊಟ್ಟಿತೆಂದು ಹೇಳಲಾರೆ. ಮನುಷ್ಯರು ಇಷ್ಟು ದಿನ ಬಟ್ಟೆ ಕಟ್ಟಿಕೊಂಡು ಹಾರಿದ್ದರು — ನನಗೆ ಯಾರೂ ಹೇಳಿರಲೇ ಇಲ್ಲ.

ಕಾಲಿನ್‌ಗೆ ಅದು ಬರೀ ವಿಮಾನವಾಗಿರಲಿಲ್ಲ. ಅವರ ಅಣ್ಣ ಟೆಡ್ ಯುದ್ಧಕಾಲದಲ್ಲಿ ಇಲ್ಲೇ, ನ್ಯೂ ಸೌತ್ ವೇಲ್ಸಿನ ತರಬೇತಿ ಶಾಲೆಯೊಂದರಲ್ಲಿ ಹಾರಲು ಕಲಿತಿದ್ದ. ಆಮೇಲೆ ಯುರೋಪಿಗೆ ಹೋದ. ಇಪ್ಪತ್ತೊಂದು ತುಂಬಿ ಕೆಲವೇ ವಾರಕ್ಕೆ, ಹಾಲೆಂಡಿನ ಮೇಲೆ ಅವನ ವಿಮಾನ ಬಿತ್ತು. ಮನೆಗೆ ಬಂದದ್ದು ಅವನ ಹಾರಾಟದ ದಿನಚರಿ ಪುಸ್ತಕ ಮಾತ್ರ. ಅದರಲ್ಲಿ, ಮೊದಲ ಸಲ ಒಬ್ಬನೇ ಹಾರಿದ ವಿಮಾನದ ನಂಬರನ್ನು ಬರೆದು ಟೆಡ್ ಕೆಳಗೆ ಎರಡು ಗೆರೆ ಎಳೆದಿದ್ದ.

ಕಾಲಿನ್ ಕೊಂಡ ವಿಮಾನಕ್ಕೆ ನಂಬರಿನ ಫಲಕವೇ ಇರಲಿಲ್ಲ, ಎಲ್ಲೋ ಕಳೆದುಹೋಗಿತ್ತು. ಆದರೆ ಮಾರಿದವನು, ಇದು ಅದೇ ವಿಮಾನ, ಅದೇ ಶಾಲೆಯದು ಎಂದು ಹೇಳಿದ್ದ. ಕಾಲಿನ್ ನಂಬಿದರು. ಹೆಂಡತಿ ತೀರಿಕೊಂಡ ಮೇಲೆ ಅವರ ದಿನಗಳೆಲ್ಲ ಆ ಶೆಡ್ಡಿನಲ್ಲೇ ಕಳೆಯುತ್ತಿದ್ದವು. "ಟೆಡ್ ಕೂತಿದ್ದು ಇಲ್ಲಿ," ಎಂದು ಹಿಂದಿನ ಸೀಟಿನ ಅಂಚನ್ನು ಸವರುತ್ತಿದ್ದರು. ನನಗೆ ತೋರಿಸಲಿಕ್ಕೆಂದಲ್ಲ, ಸುಮ್ಮನೆ, ಆ ಕಡೆ ದಾಟಿ ಹೋಗುವಾಗಲೆಲ್ಲ.

ಆ ಹೊಲಿಗೆ ಕಲಿಯಲು ನನಗೆ ಮೂರು ವಾರ ಹಿಡಿಯಿತು. ಲೈಸೆನ್ಸ್ ಇದ್ದ ಒಬ್ಬ ಎಂಜಿನಿಯರ್ ಬಂದು ನನ್ನ ಗಂಟುಗಳನ್ನು ಎಳೆದೆಳೆದು ನೋಡಿ, ಸರಿ ಎಂದು ತಲೆಯಾಡಿಸಿದರು. ನಾಲ್ಕನೆಯ ಶನಿವಾರ ಕೆಳಗಿನ ಎಡ ರೆಕ್ಕೆಯ ಹಳೇ ಬಟ್ಟೆಯನ್ನು ಕತ್ತರಿಸಿ ತೆಗೆದೆವು.

ಒಳಗೆ, ರೆಕ್ಕೆಯ ಉದ್ದಕ್ಕೂ ಹಾಯ್ದ ಮರದ ತೊಲೆಯ ಮೇಲೆ, ವಾರ್ನಿಷ್ ಅಡಿಯಲ್ಲಿ ಪೆನ್ಸಿಲಿನ ಬರಹ. ಗುಂಡಗಿನ, ಸ್ವಲ್ಪ ಬಲಕ್ಕೆ ವಾಲಿದ ಅಕ್ಷರ.

ನಂಜುಂಡಾಚಾರಿ ಮಗ ವೆಂಕಟಾಚಾರಿ, ಬಡಗಿ, ಹಲಸೂರು. ಹಾರಿದವನು ಸುಖವಾಗಿ ಇಳಿಯಲಿ.

ಕೆಳಗೆ ತಿಂಗಳು, ಇಸವಿ — ಕನ್ನಡ ಅಂಕಿಗಳಲ್ಲಿ.

ಸಿಡ್ನಿಯ ಒಂದು ತಗಡಿನ ಶೆಡ್ಡಿನಲ್ಲಿ, ಇಂಗ್ಲೆಂಡಿನ ವಿಮಾನದ ಹೊಟ್ಟೆಯೊಳಗಿಂದ, ಬೆಂಗಳೂರಿನ ಬಡಗಿಯೊಬ್ಬ ನನ್ನ ಭಾಷೆಯಲ್ಲಿ ಮಾತಾಡಿದಂತೆ… ಜೋರಾಗಿ ಕೂಗಿಬಿಡಬೇಕು ಅನ್ನಿಸಿತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಇಸವಿ ತಲೆಗೆ ಹೋಯಿತು. ಅದು ಯುದ್ಧದ ನಡುವಿನ ಇಸವಿ. ಟೆಡ್ ಇಲ್ಲಿ ಹಾರಲು ಕಲಿತ ಅದೇ ವರ್ಷ. ಆ ವರ್ಷ ಈ ರೆಕ್ಕೆ ಬೆಂಗಳೂರಿನಲ್ಲಿದ್ದರೆ —

ಕಾಲಿನ್ ಟಾರ್ಚ್ ಹಿಡಿದು ಬಗ್ಗಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಇನ್ನೂ ಆಗಿರಲಿಲ್ಲ. "ಅಲ್ಲೇನೋ ಗೀಚಿದ ಹಾಗಿದೆಯಲ್ಲ. ಏನದು? ಯಾರಾದರೂ ಹೆಸರು ಬರೆದಿದಾರಾ?" ಅವರ ದನಿಯಲ್ಲಿ ಆಸೆ ಇತ್ತು. ಟೆಡ್ ಬರೆದಿರಬಹುದು ಎಂಬ ಆಸೆ.

ನಾನು ಹೇಳಿದೆ: "ಏನಿಲ್ಲ. ಬಡಗಿ ಹಾಕಿಕೊಂಡ ಗುರುತು ಅಷ್ಟೇ."

ಬಡಗಿಯ ಗುರುತು! ಸುಳ್ಳಲ್ಲವಲ್ಲ ಎಂದು ಎಷ್ಟು ಸಲ ಸಮಾಧಾನ ಮಾಡಿಕೊಂಡಿದ್ದೇನೋ. ಅದು ಸುಳ್ಳೇ. ಅದಕ್ಕಿಂತ ನಯವಾಗಿ ಹೆಣೆದ ಸುಳ್ಳನ್ನು ನಾನು ಅದಕ್ಕೆ ಮೊದಲೂ ಹೇಳಿಲ್ಲ, ಆಮೇಲೂ ಹೇಳಿಲ್ಲ.

ಮಾರನೆಯ ದಿನ ತಿಂಡಿ ತಿನ್ನುವಾಗ ಬಸವರಾಜರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದು ಬಿಟ್ಟು ನನ್ನ ನೋಡಿದರು.

"ಯಾಕ ಹೇಳಲಿಲ್ಲ ನೀ?"

"ಮುದುಕರು ಅದರ ಮ್ಯಾಲೆ ಜೀವಾನ ಇಟ್ಟಾರ್ರೀ. ಹ್ಯಾಂಗ ಹೇಳ್ಲಿ?"

"ಒಂದ ರೆಕ್ಕಿ ಅಲ್ಲೇನು? ರಿಪೇರಿ ಮಾಡುವಾಗ ಬ್ಯಾರೆ ವಿಮಾನದ್ದು ತಂದು ಹಚ್ಚಿರಬಹುದು. ಉಳಿದದ್ದು ಅವರ ಅಣ್ಣಂದ ಇರಬಹುದು."

ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆದರೆ ಮುಂದಿನ ವಾರಗಳಲ್ಲಿ ಉಳಿದ ಮೂರು ರೆಕ್ಕೆಗಳನ್ನೂ ಬಿಚ್ಚಿದೆವು. ಎರಡರಲ್ಲಿ ಅದೇ ಕೈಬರಹ, ಅದೇ ಹೆಸರು. ಬಸವರಾಜರಿಗೆ ಮತ್ತೆ ಹೇಳಲಿಲ್ಲ.

ನಮ್ಮಪ್ಪ ತಾನು ಹೊಲಿದ ಪ್ರತಿ ಕೋಟಿನ ಕಾಲರ್ ಒಳಗೆ, ಯಾರ ಕಣ್ಣಿಗೂ ಬೀಳದಂತೆ, ಒಂದು ಕೆಂಪು ಎಳೆ ಹಾಕುತ್ತಿದ್ದ. ಕೇಳಿದರೆ, ನನ್ನದು ಅಂತ ನನಗ ಗೊತ್ತಿರಬೇಕಲ್ಲ ಎನ್ನುತ್ತಿದ್ದ. ಒಳಗೆ ಬರೆದ ಹೆಸರೆಂದರೆ ಏನು ಎಂದು ಆ ಶೆಡ್ಡಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮುಚ್ಚಿದವಳೂ ನಾನೇ. ಕಾಲಿನ್‌ಗೆ ಮಾಡಿದ ತಪ್ಪಿನ ಬಗ್ಗೆ ಎಷ್ಟೋ ಸಲ ಯೋಚಿಸಿದ್ದೇನೆ. ವೆಂಕಟಾಚಾರಿಗೂ ತಪ್ಪು ಮಾಡಿದೆ ಎಂದು ಹೊಳೆಯಲು ವರ್ಷಗಳೇ ಬೇಕಾದವು.

ಇಷ್ಟೇ ಆಗಿದ್ದರೆ — ಮರುಕದಿಂದ ಹೇಳಿದ ಒಂದು ಮಾತು ಎಂದು ಯಾರಾದರೂ ಬಿಟ್ಟುಬಿಡಬಹುದಿತ್ತೋ ಏನೋ. ಆದರೆ ಇಷ್ಟೇ ಅಲ್ಲ.

ರೆಕ್ಕೆಗಳಿಗೆ ಕೊನೆಯ ಸಲ ವಾರ್ನಿಷ್ ಬಳಿಯುತ್ತಿದ್ದ ದಿನ ಕಾಲಿನ್‌ಗೆ ಒಂದು ಪತ್ರ ಬಂತು. ಹಳೇ ವಿಮಾನಗಳ ಹುಚ್ಚಿನವರು ಓದುವ ಪತ್ರಿಕೆಯೊಂದರಲ್ಲಿ ಟೆಡ್‌ನ ಕಥೆ, ಆ ನಂಬರಿನ ಸಮೇತ, ಅಚ್ಚಾಗಿತ್ತು. ಅದನ್ನು ನೋಡಿ, ವಿಕ್ಟೋರಿಯಾದ ಬೆಂಡಿಗೋ ಕಡೆಯ ರೈತರೊಬ್ಬರು ಬರೆದಿದ್ದರು. ಕಾಲಿನ್ ಕನ್ನಡಕ ಏರಿಸಿಕೊಂಡು ಕಷ್ಟಪಟ್ಟು ಗಟ್ಟಿಯಾಗಿ ಓದಿದರು: ಆ ನಂಬರಿನ ವಿಮಾನ ನನ್ನ ಕೊಟ್ಟಿಗೆಯಲ್ಲಿದೆ, ರೆಕ್ಕೆ ಹೋಗಿವೆ, ಮೈ ಉಳಿದಿದೆ, ಫಲಕ ಇನ್ನೂ ಇದೆ, ನನಗೆ ವಯಸ್ಸಾಯಿತು, ನಿಮಗೆ ಬೇಕಿದ್ದರೆ ಬಂದು ನೋಡಿ.

ಕಾಲಿನ್ ನಕ್ಕರು. "ಪಾಪ, ಅವರಿಗೆ ಏನೋ ತಪ್ಪು ತಿಳುವಳಿಕೆ. ಅದು ಇಲ್ಲಿದೆಯಲ್ಲ?" ಎಂದು ನನ್ನ ಕಡೆ ತಿರುಗಿದರು. ನಾನು ಹೌದು ಎನ್ನಲಿ ಎಂದು ಕಾಯುತ್ತಿದ್ದರು — ಒಂದು ಕ್ಷಣ, ಎರಡು ಕ್ಷಣ.

ನಾನು ಬ್ರಶ್ ಕೆಳಗಿಟ್ಟೆ. "ಟೀ ಮಾಡಲಾ ಕಾಲಿನ್?" ಎಂದೆ.

ನನ್ನ ಅಪರಾಧ ಅದು. ಮೊದಲನೆಯದಕ್ಕೆ ದಯೆ ಎಂದು ಹೆಸರಿಡಬಹುದಿತ್ತು. ಎರಡನೆಯದಕ್ಕೆ ಯಾವ ಹೆಸರೂ ಇಲ್ಲ. ಅಳುವ ಮುದುಕರೊಬ್ಬರ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿಯಾರು ಎಂಬ ಭಯ ಬೇರೆ. ಅದಕ್ಕೇ ಅವರ ಅಣ್ಣನ ನಿಜವಾದ ವಿಮಾನ ಕೈಗೆ ಸಿಗುವಷ್ಟು ಹತ್ತಿರ ಬಂದು ಹಾಗೇ ಹೋಗಲು ಬಿಟ್ಟೆ. ಕಾಲಿನ್ ಆ ರೈತರಿಗೆ ವಿನಯದಿಂದ ಬೇಡವೆಂದು ಬರೆದರು. ಟಪಾಲು ಡಬ್ಬಿಗೆ ಹಾಕಿ ಬಂದವಳು ನಾನೇ.

ಮರುವರ್ಷದ ವಸಂತದಲ್ಲಿ ವಿಮಾನ ಹಾರಿತು. ಬದಿಯಲ್ಲಿ ಬಿಳಿ ಅಕ್ಷರದಲ್ಲಿ ಟೆಡ್‌ನ ಹೆಸರು. ಹಿಂದೆ ಪೈಲಟ್, ಮುಂದೆ ಕಾಲಿನ್. ಇಳಿದು ಬಂದವರೇ ನನ್ನ ಕೈ ಹಿಡಿದು, "ನಿನ್ನಿಂದ ಅವನು ಇನ್ನೊಂದು ಸಲ ಹಾರಿದ," ಎಂದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ಫೋಟೊದಲ್ಲಿ ಆ ನಗೆ ಈಗಲೂ ಇದೆ.

ಕೆಲವು ವರ್ಷಗಳ ಬಳಿಕ ಕಾಲಿನ್ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗಳು ಹೆಲೆನ್ ಅವರನ್ನು ಮೆಲ್ಬರ್ನಿಗೆ, ಎಸೆಂಡನ್ನಿನ ತನ್ನ ಮನೆಗೆ ಕರೆದೊಯ್ದಳು. ವಿಮಾನವೂ ಅಲ್ಲಿಗೇ ಹೋಯಿತು. ಊರಿನ ಪಶ್ಚಿಮಕ್ಕೆ ಕೆಲವು ಹವ್ಯಾಸಿಗಳು ನಡೆಸುವ ಒಂದು ಶೆಡ್ಡಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಇನ್ನು ಮುಗಿಯಿತು ಎಂದುಕೊಂಡೆ. ನಿಜ ಹೇಳುತ್ತೇನೆ — ಆ ವಿಮಾನ ಕಣ್ಣೆದುರಿಗಿಲ್ಲ ಎಂದು ಹಗುರಾದೆ.

2018ರಲ್ಲಿ ಹೆಲೆನ್‌ಳಿಂದ ಇಮೇಲ್ ಬಂತು. ಶೆಡ್ಡಿಗೆ ಜನ ಬರುತ್ತಾರೆ, ಪಕ್ಕದಲ್ಲಿ ಒಂದು ಫಲಕ ಹಾಕಬೇಕು, ವಿಮಾನದ ಇತಿಹಾಸವನ್ನು ಒಂದು ಪುಟದಲ್ಲಿ ನೀವೇ ಬರೆದುಕೊಡಿ — ಅದರ ಒಳಗನ್ನು ನಿಮ್ಮಷ್ಟು ಕಂಡವರು ಬೇರೆ ಯಾರೂ ಇಲ್ಲ ಎಂದು ಅಪ್ಪ ಹೇಳುತ್ತಾರೆ.

ಅದರ ಒಳಗನ್ನು. ಆ ಮಾತು ಓದಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಎರಡು ವಾರ ಪ್ರಯತ್ನಿಸಿದೆ. ಇಂಗ್ಲೆಂಡಿನಲ್ಲಿ ತಯಾರಾಯಿತು ಎಂದು ಬರೆಯುತ್ತಿದ್ದೆ, ಮುಂದಿನ ಸಾಲು ಬರುತ್ತಿರಲಿಲ್ಲ. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮಗಳು ಶ್ರೇಯಾ ಒಂದು ಮಧ್ಯಾಹ್ನ ಹಿಂದೆ ನಿಂತು ಸ್ಕ್ರೀನ್ ನೋಡಿ, "ವಾಟ್ಸ್ ರಾಂಗ್, ಅಮ್ಮಾ?" ಎಂದಳು. ಎಲ್ಲ ಹೇಳಿದೆ, ಟೀ ಮಾಡಿದ್ದನ್ನೂ ಬಿಡದೆ. ಕನ್ನಡದಲ್ಲೇ ಹೇಳಿದೆ. ಅವಳು ಪೂರ್ತಿ ಕೇಳಿ ಇಂಗ್ಲಿಷಿನಲ್ಲಿ ಅಂದಳು: "ಜಸ್ಟ್ ಟೆಲ್ ಹಿಮ್, ಅಮ್ಮಾ. ಹಿ ಈಸ್ ಸ್ಟಿಲ್ ಹಿಯರ್."

ಅವರು ಇನ್ನೂ ಇದ್ದಾರೆ. ಅಷ್ಟು ಸರಳವಾದದ್ದು ನನಗೇಕೆ ಹೊಳೆದಿರಲಿಲ್ಲ… ಅವತ್ತೇ ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿದೆ.

ಹೆಲೆನ್‌ಳ ಅಡುಗೆಮನೆಯಲ್ಲಿ ಬೆಳಗಿನ ಬಿಸಿಲಿತ್ತು. ಕಾಲಿನ್ ತುಂಬ ಇಳಿದುಹೋಗಿದ್ದರು, ಆದರೆ ಕಣ್ಣು ಆಪರೇಷನ್ ಆಗಿ ಚುರುಕಾಗಿತ್ತು. ನಾನು ಕೂರಲಿಲ್ಲ. ಕೂತರೆ ಕುಶಲ ಮಾತಾಡಿ ಎದ್ದು ಬಂದುಬಿಡುತ್ತಿದ್ದೆ. ನಿಂತೇ ಆ ಎರಡು ಸಾಲನ್ನು ಕನ್ನಡದಲ್ಲಿ ಹೇಳಿದೆ, ಆಮೇಲೆ ಇಂಗ್ಲಿಷಿನಲ್ಲಿ. ಇಸವಿ ಹೇಳಿದೆ. ಮೂರು ರೆಕ್ಕೆ ಎಂದೆ.

ಅವರು ಮುಂದಿದ್ದ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ಯಾವಾಗಿಂದ ಗೊತ್ತು ನಿನಗೆ?"

"ಮೊದಲ ದಿನದಿಂದ."

"ಆ ರೈತನ ಪತ್ರ ಬಂದಾಗ?"

"ಆಗಲೂ ಗೊತ್ತಿತ್ತು."

ಅವರು ನನ್ನನ್ನೇ ನೋಡಿದರು. "ನೀನು ಎದ್ದು ಟೀ ಮಾಡಿದೆ," ಎಂದರು. ಸಿಟ್ಟಿನಿಂದ ಅಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು.

"ಹೋಗು. ಇವತ್ತು ಹೋಗು," ಎಂದು ಮುಖ ಕಿಟಕಿಯ ಕಡೆ ಮಾಡಿದರು. ಹೆಲೆನ್ ನನ್ನನ್ನು ಕಾರಿನಲ್ಲಿ ಟ್ರಾಮ್ ಸ್ಟಾಪಿನವರೆಗೆ ಬಿಟ್ಟಳು. ಇಳಿಯುವಾಗ ಅವಳು, "ನೀವು ಫೋನಿನಲ್ಲಿ ಹೇಳದೆ ಬಂದು ಹೇಳಿದಿರಲ್ಲ…" ಎಂದು ಶುರುಮಾಡಿ, ನನ್ನ ಚೀಲವನ್ನು ಕೈಗೆ ಕೊಟ್ಟಳು.

ಐದು ವಾರ ಏನೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರದೋ ಜ್ಯಾಕೆಟ್ಟಿನ ಜಿಪ್ ಬಿಚ್ಚುತ್ತಿದ್ದಾಗ ಫೋನ್ ಬಂತು. ಕಾಲಿನ್.

"ಆ ಬಡಗಿ ಹೆಸರು ಇನ್ನೊಂದು ಸಲ ಹೇಳು. ನಿಧಾನಕ್ಕೆ."

ಹೇಳಿದೆ. ಅವರು ಹಿಂದೆಯೇ ಹೇಳಿದರು: ವೆಂ — ಕ — ಟಾ — ಚಾ — ರಿ. ತಪ್ಪಿತು. ಮತ್ತೆ ಹೇಳಿದರು. ನಾಲ್ಕನೆಯ ಸಲಕ್ಕೆ ಸರಿಯಾಯಿತು.

ಆಮೇಲೆ ಅವರು ನನಗೆ ಎಂದೂ ಹೇಳಿರದ ಒಂದು ಸಂಗತಿ ಹೇಳಿದರು. ಟೆಡ್‌ನನ್ನು ಮಣ್ಣುಮಾಡಿರುವುದು ಹಾಲೆಂಡಿನ ಒಂದು ಹಳ್ಳಿಯಲ್ಲಿ. ಅಲ್ಲಿನ ಒಬ್ಬ ಹೆಂಗಸು, ಅವಳಿಗೆ ಮೊದಲು ಅವಳ ತಾಯಿ, ವರ್ಷವರ್ಷವೂ ಆ ಕಲ್ಲನ್ನು ತೊಳೆದು ಹೂವಿಡುತ್ತಾರಂತೆ. "ಅವರಿಗೂ ನಮಗೂ ಯಾವ ಸಂಬಂಧಾನೂ ಇಲ್ಲ. ಹೆಸರು ಸರಿಯಾಗಿ ಹೇಳೋಕೂ ಬರಲ್ಲ ಅವರಿಗೆ. ಆದರೂ ಮಾಡ್ತಾರೆ." ಅದೇ ಉಸಿರಿನಲ್ಲಿ, "ಈ ಮನುಷ್ಯ, ಹಾರೋರು ಸುಖವಾಗಿ ಇಳೀಲಿ ಅಂತ ಬರೆದಿದಾನೆ. ನಾನು ಹಾರಿದೆ, ಸುಖವಾಗಿ ಇಳಿದೆ. ಅವನ ಮನೆಯವರಿಗೆ ಅದು ಗೊತ್ತಾಗಬೇಕಲ್ಲ," ಎಂದರು. "ಹುಡುಕೋ ಕೆಲಸ ನಿಂದು."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆದರೆ ಕೆಲಸ ಕೊಟ್ಟರು. ಜ್ಯಾಕೆಟ್ ಬದಿಗಿಟ್ಟು ನಾನು ಅತ್ತದ್ದು ಅದಕ್ಕೆ.

ಆಮೇಲಿನದು ಬೇಗ ಬೇಗ ನಡೆಯಿತು. ಮೆಲ್ಬರ್ನಿನ ಶೆಡ್ಡಿನ ಎಂಜಿನಿಯರ್ ರೆಕ್ಕೆಯ ಬಟ್ಟೆಯಲ್ಲಿ ಅಂಗೈಯಗಲದ ಕಿಂಡಿ ಮಾಡಿ, ಫೋನ್ ಒಳಗೆ ತೂರಿಸಿ ಫೋಟೊ ತೆಗೆದರು. ನಾನು ಹೋಗಿ ಆ ಕಿಂಡಿಗೆ ತೇಪೆ ಹಾಕಿ ಬಂದೆ. ಬದಿಯಲ್ಲಿದ್ದ ಟೆಡ್‌ನ ಹೆಸರನ್ನು ಅಳಿಸಲು ಕಾಲಿನ್ ತಾವೇ ಹೇಳಿದರು. "ಇದು ಅವನದಲ್ಲ. ಬೇರೆಯವರ ಸೀಟಲ್ಲಿ ಅವನನ್ನ ಕೂರಿಸಿದ್ದು ಸಾಕು." ಗಾಲಿಕುರ್ಚಿಯಲ್ಲಿ ಕೂತು ಮೊದಲ ಅಕ್ಷರವನ್ನು ತಾವೇ ಉಜ್ಜಿದರು. ಉಳಿದದ್ದನ್ನು ಹೆಲೆನ್, ನಾನು ಉಜ್ಜಿದೆವು.

ಬೆಂಡಿಗೋದ ರೈತರು ತೀರಿಕೊಂಡಿದ್ದರು. ಅವರ ಕೊಟ್ಟಿಗೆಯಲ್ಲಿದ್ದ ವಿಮಾನ ಮಾರಾಟವಾಗಿ ನ್ಯೂಜಿಲೆಂಡಿಗೆ ಹೋಗಿತ್ತು. ಇದಕ್ಕೆ ನಾನೇ ಕಾರಣ, ಇದನ್ನು ಸರಿಮಾಡಲು ನನ್ನಿಂದಾಗದು. ಹೆಲೆನ್ ಅಲ್ಲಿನ ಹೊಸ ಮಾಲೀಕರನ್ನು ಹುಡುಕಿ ಬರೆದಳು. ಅವರು ವಿಮಾನದ ಮೈಮೇಲಿನ ನಂಬರ್ ಫಲಕದ ಫೋಟೊ ಕಳಿಸಿದರು. ನಂಬರ್ ಟೆಡ್‌ನ ಪುಸ್ತಕದಲ್ಲಿದ್ದುದೇ. ಇನ್ನೂ ಕಟ್ಟುತ್ತಿದ್ದೇವೆ, ಹಾರಲು ಮೂರು ವರ್ಷವಾದರೂ ಬೇಕು, ಹಾರುವ ದಿನ ನಿಮ್ಮ ತಂದೆ ಬರಲೇಬೇಕು ಎಂದು ಬರೆದಿದ್ದರು. ಎಂಬತ್ತೇಳರ ಕಾಲಿನ್ ಅದನ್ನು ಎರಡು ಸಲ ಓದಿಸಿಕೊಂಡು, "ಹಾಗಾದರೆ ಇನ್ನೊಂದಿಷ್ಟು ದಿನ ಇರಬೇಕಾಯ್ತು," ಎಂದರು. ಈಗ ದಿನಾ ಬೆಳಿಗ್ಗೆ ವಾಕರ್ ಹಿಡಿದು ಬೀದಿಯ ತುದಿಯವರೆಗೆ ನಡೆಯುತ್ತಾರಂತೆ.

ಹೆಲೆನ್ ಕೇಳಿದ್ದ ಫಲಕದ ಪುಟವನ್ನೂ ಬರೆದುಕೊಟ್ಟೆ. ಈ ವಿಮಾನ ಇಂಗ್ಲೆಂಡಿನಲ್ಲಿ ತಯಾರಾಯಿತು. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿತ್ತು. ಅಲ್ಲಿ ಇದರ ಮರವನ್ನು ರಿಪೇರಿ ಮಾಡಿದವರು ವೆಂಕಟಾಚಾರಿ. ಇಲ್ಲಿಗೆ ಹೇಗೆ ಬಂತು ಎಂಬುದು ಇನ್ನೂ ಗೊತ್ತಿಲ್ಲ. ಸಿಡ್ನಿಯಲ್ಲಿ ಬಟ್ಟೆ ಹೊಲಿದವಳು ಒಳಗಿನ ಹೆಸರನ್ನು ಓದಿಯೂ ಆರು ವರ್ಷ ಮುಚ್ಚಿಟ್ಟಿದ್ದಳು. ಕೊನೆಯ ಸಾಲು ಬೇಡ ಎಂದಳು ಹೆಲೆನ್. ಇರಲಿ ಎಂದೆ. ಇದೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ನೀವು. ಹಲಸೂರಿನ ನಂಜುಂಡಾಚಾರಿಯವರ ಮಗ ವೆಂಕಟಾಚಾರಿ ನಿಮ್ಮ ಅಜ್ಜನೋ ಮುತ್ತಜ್ಜನೋ ಆಗಿದ್ದರೆ, ಯುದ್ಧದ ಕಾಲದಲ್ಲಿ ವಿಮಾನದ ಮರಗೆಲಸಕ್ಕೆ ಹೋಗುತ್ತಿದ್ದರಂತೆ ಎಂಬ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಲ್ಲಾದರೂ ಬಂದಿದ್ದರೆ — ಅವರು ಕೂಡಿಸಿದ ಮರ ಇನ್ನೂ ಗಟ್ಟಿಯಾಗಿದೆ. ಎಂಜಿನಿಯರ್ ಬೆರಳಿನಿಂದ ತಟ್ಟಿ ನೋಡಿ, ಇದನ್ನು ಮುಟ್ಟುವ ಅಗತ್ಯವೇ ಇಲ್ಲ ಎಂದರು. ಇಷ್ಟು ದಿನ ನಿಮಗೆ ಸೇರಬೇಕಾದ ಮಾತನ್ನು ನನ್ನಲ್ಲೇ ಇಟ್ಟುಕೊಂಡಿದ್ದೆ. ತಪ್ಪು ನನ್ನದು.

ನೀವು ಬರುವುದಾದರೆ ಬನ್ನಿ. ಫೋಟೊ ತೋರಿಸಿ ಕಳಿಸುವುದಿಲ್ಲ. ಆ ಭಾಗದ ಬಟ್ಟೆಯನ್ನು ಪೂರ್ತಿ ಬಿಚ್ಚುತ್ತೇನೆ; ನೀವು ಅಕ್ಷರದ ಮೇಲೆ ಕೈಯಿಟ್ಟು ನೋಡಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಬಿಚ್ಚುವುದೂ ಮತ್ತೆ ಹೊಲಿಯುವುದೂ ನನ್ನ ಕೆಲಸವೇ ಎಂದು ಕಾಲಿನ್‌ಗೆ ಹೇಳಿದ್ದೇನೆ. ಅವರು ಆಗಲಿ ಎಂದಿದ್ದಾರೆ.